ಅಟ್ಟದ ಕೊಬ್ಬರಿ, ಟ್ರಂಕಿನ ಬಾಂಡು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನಕ್ಕೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಅದು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಒಳಗಿನ ನೀರು ನಿಧಾನವಾಗಿ ಇಂಗಬೇಕು, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ತಾನಾಗಿ ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗುಡುಗುಡು ಎಂದರೆ ಹದಕ್ಕೆ ಬಂತೆಂದು ಅರ್ಥ. ಅವಸರ ಮಾಡಿ ಮೊದಲೇ ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ.

ಇದೇ ಸೀಮೆಯ ಅನೇಕ ಮನೆಗಳಲ್ಲಿ ಇನ್ನೊಂದು ವಸ್ತುವೂ ಹೀಗೆಯೇ ಹದಕ್ಕೆ ಬರಲು ಕಾದಿದೆ. ಅದು ಅಟ್ಟದಲ್ಲಿಲ್ಲ. ಟ್ರಂಕಿನ ತಳದಲ್ಲಿ ಪಡಿತರ ಚೀಟಿ, ಪಹಣಿ, ಹಳೆಯ ಕಂದಾಯ ರಸೀತಿಗಳ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಕಾಗದ ಅದು: ಮಗಳ ಹೆಸರಿನ ಭಾಗ್ಯಲಕ್ಷ್ಮಿ ಬಾಂಡು. ಅದು ಕಾಯುವುದು ಹತ್ತು ತಿಂಗಳಲ್ಲ, ಹದಿನೆಂಟು ವರ್ಷ. ಈ ಯೋಜನೆಯ ಮೊದಲ ತಂಡದ ಹೆಣ್ಣು ಮಕ್ಕಳಿಗೆ ಹದಿನೆಂಟು ತುಂಬಲು ಆರಂಭವಾದದ್ದು 2024ರ ಏಪ್ರಿಲ್‌ನಲ್ಲಿ. ಅಂದಿನಿಂದ ಪೋಷಕರು ಶಾಲೆಯಲ್ಲಿ ಸಿಕ್ಕರೂ ಬಸ್ ನಿಲ್ದಾಣದಲ್ಲಿ ಸಿಕ್ಕರೂ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಒಂದು, "ಸಾ, ದುಡ್ಡು ಯಾವಾಗ ಬತ್ತದೆ?" ಇನ್ನೊಂದು, "ಎಷ್ಟು ಬತ್ತದೆ?" ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ: "ಆ ದುಡ್ಡು ಯಾರದು?" ಈ ವಾರ ಮೂರಕ್ಕೂ ಉತ್ತರ ಹುಡುಕೋಣ.

ಯೋಜನೆಯ ಲೆಕ್ಕ

ಭಾಗ್ಯಲಕ್ಷ್ಮಿ ಯೋಜನೆ ನಮ್ಮ ರಾಜ್ಯದಲ್ಲಿ ಆರಂಭವಾದದ್ದು 2006-07ನೇ ಸಾಲಿನಲ್ಲಿ. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ, ಹಣಕಾಸು ಖಾತೆಯೂ ಅವರದೇ. ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣು ಮಗುವಿನ ಹೆಸರಿನಲ್ಲಿ, ಒಂದು ಮನೆಗೆ ಇಬ್ಬರಿಗೆ ಮೀರದಂತೆ, ಸರ್ಕಾರವೇ ಭಾರತೀಯ ಜೀವ ವಿಮಾ ನಿಗಮದಲ್ಲಿ ಹಣ ತೊಡಗಿಸುವ ಯೋಜನೆ ಇದು. ಮೊದಲು ಒಂದು ಮಗುವಿಗೆ ತೊಡಗಿಸಿದ್ದು 10,000 ರೂಪಾಯಿ. ಹದಿನೆಂಟು ವರ್ಷಕ್ಕೆ ಅದು 34,751 ರೂಪಾಯಿ ಆಗಬೇಕು. 2008ರ ಆಗಸ್ಟ್ 1ರಿಂದ ಈ ಮೊತ್ತವನ್ನು ಹೆಚ್ಚಿಸಲಾಯಿತು. ಮೊದಲ ಹೆಣ್ಣು ಮಗುವಿಗೆ 19,300 ರೂಪಾಯಿ, ಎರಡನೆಯವಳಿಗೆ 18,350 ರೂಪಾಯಿ. ಹದಿನೆಂಟು ತುಂಬಿದಾಗ ಮೊದಲನೆಯವಳಿಗೆ 1,00,097, ಎರಡನೆಯವಳಿಗೆ 1,00,052 ರೂಪಾಯಿ.

ಇಲ್ಲಿ ಒಂದು ಮಾತನ್ನು ಪೋಷಕರು ಗಮನಿಸಬೇಕು. ಊರ ಬಾಯಲ್ಲಿ ಭಾಗ್ಯಲಕ್ಷ್ಮಿ ಎಂದರೆ ಒಂದು ಲಕ್ಷ. ಆದರೆ ಲಕ್ಷದ ಲೆಕ್ಕ ಶುರುವಾದದ್ದು 2008ರ ಆಗಸ್ಟ್‌ನಿಂದ. ಆ ಮಕ್ಕಳಿಗೆ ಹದಿನೆಂಟು ತುಂಬುವುದು 2026ರ ಆಗಸ್ಟ್‌ನಿಂದ ಮುಂದಕ್ಕೆ. ಅದಕ್ಕಿಂತ ಮೊದಲು ಹುಟ್ಟಿದವರ ಬಾಂಡು ಹಳೆಯ ಲೆಕ್ಕದ್ದು. ಲಕ್ಷ ಬರುತ್ತದೆಂದು ನಂಬಿ ಸಾಲ ಮಾಡುವ ಮೊದಲು ಟ್ರಂಕು ತೆಗೆದು ಬಾಂಡನ್ನು ಒಮ್ಮೆ ಓದಿಕೊಳ್ಳಿ.

ವಿದ್ಯಾರ್ಥಿ ಮಿತ್ರರೇ, ಹತ್ತು ಸಾವಿರ ಮೂವತ್ತೈದು ಸಾವಿರದ ಹತ್ತಿರಕ್ಕೆ ಬೆಳೆಯುವುದು ಹೇಗೆ? ಎಂಟನೆಯ ತರಗತಿಯಲ್ಲಿ ನೀವು ಕಲಿಯುವ ಚಕ್ರಬಡ್ಡಿಯ ಕೆಲಸವೇ ಇದು. ಇದಕ್ಕೊಂದು ಸುಲಭ ಸೂತ್ರವಿದೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂಬುದು ಸರಿಸುಮಾರು ಸಿಗುತ್ತದೆ. ಬಡ್ಡಿ ನೂರಕ್ಕೆ 7.2 ಎಂದುಕೊಳ್ಳಿ. ಹತ್ತು ವರ್ಷಕ್ಕೆ ಹತ್ತು ಸಾವಿರ ಇಪ್ಪತ್ತು ಸಾವಿರವಾಯಿತು. ಉಳಿದ ಎಂಟು ವರ್ಷದಲ್ಲಿ ಅದು ಮೂವತ್ತೈದು ಸಾವಿರದ ಹತ್ತಿರ ಬರುತ್ತದೆ. ಅದೇ ದರದಲ್ಲಿ ಸರಳ ಬಡ್ಡಿ ಹಾಕಿ ನೋಡಿ: ವರ್ಷಕ್ಕೆ 720ರಂತೆ ಹದಿನೆಂಟು ವರ್ಷಕ್ಕೆ 12,960, ಅಸಲು ಸೇರಿ 22,960. ಇವೆರಡರ ನಡುವೆ ಇರುವ ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿ ಬಡ್ಡಿಯ ಮೇಲೆ ಬಿದ್ದ ಬಡ್ಡಿ. ಯಾರೂ ಮುಟ್ಟದೆ ಬಿಟ್ಟದ್ದಕ್ಕೆ ಸಿಕ್ಕ ಫಲ ಅದು. ಎರಡನೆಯ ಲೆಕ್ಕದಲ್ಲಿ 19,300 ಐದು ಪಟ್ಟಿಗೆ ಬೆಳೆಯುತ್ತದೆ. ಬಡ್ಡಿ ಎಷ್ಟು ಬಿದ್ದಂತಾಯಿತು ಎಂಬುದನ್ನು ಮನೆಗೆಲಸವಾಗಿ ಮಾಡಿ. ಒಂಬತ್ತೂವರೆಯ ಆಸುಪಾಸು ಬರದಿದ್ದರೆ ಎಲ್ಲೋ ತಪ್ಪಿದ್ದೀರಿ.

ಇದೇ ಸೂತ್ರವನ್ನು ತಿರುಗಿಸಿದರೆ ಇನ್ನೊಂದು ಸತ್ಯವೂ ಕಾಣುತ್ತದೆ. ಹಣ ಬೆಳೆದಂತೆ ಬೆಲೆಯೂ ಬೆಳೆಯುತ್ತದೆ. ನಮ್ಮ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಾಲಿಗೆ 5,500 ರೂಪಾಯಿ ಇತ್ತು, 2024ರಲ್ಲಿ 12,000 ಆಯಿತು. ಹತ್ತು ವರ್ಷಕ್ಕೆ ಎರಡು ಪಟ್ಟಿಗಿಂತ ಹೆಚ್ಚು. ಸಾಮಾನು ಸರಂಜಾಮುಗಳ ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರುತ್ತದೆಂದು ಇಟ್ಟುಕೊಂಡರೂ ಹನ್ನೆರಡು ವರ್ಷಕ್ಕೆ ಇಮ್ಮಡಿ, ಹದಿನೆಂಟು ವರ್ಷಕ್ಕೆ ಹತ್ತಿರ ಹತ್ತಿರ ಮೂರು ಪಟ್ಟು. ಆ ಲೆಕ್ಕದಲ್ಲಿ 34,751 ರೂಪಾಯಿಗೆ ಮಗು ಹುಟ್ಟಿದ ವರ್ಷದ ಹನ್ನೆರಡು ಸಾವಿರದಷ್ಟೇ ಶಕ್ತಿ. ಒಂದು ಲಕ್ಷಕ್ಕೆ ಮೂವತ್ತೈದು ಸಾವಿರದಷ್ಟು. ಮೊದಲ ತಂಡದ ಬಾಂಡು ತನ್ನ ಬೆಲೆಯನ್ನು ಉಳಿಸಿಕೊಂಡು ಬಂದಿದೆ, ಅದಕ್ಕಿಂತ ಹೆಚ್ಚಿಗೆ ಗಳಿಸಿದ್ದು ಸ್ವಲ್ಪವೇ. 2024ರ ಬೆಂಬಲ ಬೆಲೆಯಲ್ಲಿ ಅಳೆದರೆ ಅದು ಮೂರು ಕ್ವಿಂಟಾಲಿಗೂ ಕಡಿಮೆ ಕೊಬ್ಬರಿ. ಹಾಗಾದರೆ ಯೋಜನೆಯಿಂದ ಮಗುವಿಗೆ ಸಿಕ್ಕಿದ್ದೇನು?

ಷರತ್ತುಗಳೇ ಉಡುಗೊರೆ

ನನ್ನನ್ನು ಕೇಳಿದರೆ ಬಾಂಡಿನ ಮೊತ್ತಕ್ಕಿಂತ ಬಾಂಡಿನ ಷರತ್ತುಗಳೇ ಬೆಲೆಯುಳ್ಳವು. ಅವುಗಳನ್ನು ಒಂದೊಂದಾಗಿ ನೋಡಿ. ಮಗು ಹುಟ್ಟಿದ ಒಂದು ವರ್ಷದೊಳಗೆ ಜನನ ಪ್ರಮಾಣಪತ್ರದೊಂದಿಗೆ ಹೆಸರು ನೋಂದಾಯಿಸಬೇಕು. ಲಸಿಕೆಗಳನ್ನು ಹಾಕಿಸಬೇಕು. ಅಂಗನವಾಡಿಗೆ ಸೇರಿಸಬೇಕು. ಕಡಿಮೆಯೆಂದರೆ ಎಂಟನೆಯ ತರಗತಿಯವರೆಗೆ ಓದಿಸಬೇಕು. ಕೂಲಿಗೆ ಕಳಿಸಬಾರದು. ಹದಿನೆಂಟು ತುಂಬುವ ಮೊದಲು ಮದುವೆ ಮಾಡಬಾರದು.

ಈ ಆರೂ ಕೆಲಸಗಳು ಹೇಗೂ ಆಗಲೇಬೇಕಾದವು. ಜನನ ನೋಂದಣಿ 1969ರ ಕಾಯಿದೆಯಂತೆ ಕಡ್ಡಾಯ. ಇಪ್ಪತ್ತೊಂದು ದಿನದೊಳಗೆ ತಿಳಿಸಿದರೆ ಪ್ರಮಾಣಪತ್ರಕ್ಕೆ ಶುಲ್ಕವೂ ಇಲ್ಲ. ಆದರೂ ಮನೆಯಲ್ಲೇ ಹೆರಿಗೆಯಾಗಿ, ಹುಟ್ಟಿದ ದಿನವನ್ನು "ಯುಗಾದಿ ಆದ ಎಂಟ್ ದಿನಕ್ಕೆ" ಎಂದು ಹೇಳಿ ಶಾಲೆಗೆ ಸೇರಿಸುತ್ತಿದ್ದ ಕಾಲವನ್ನು ನನ್ನ ವಯಸ್ಸಿನ ಮೇಷ್ಟ್ರುಗಳೆಲ್ಲ ಕಂಡಿದ್ದೇವೆ. ಬಾಂಡಿನ ಆಸೆ ಎಷ್ಟೋ ತಾಯಂದಿರನ್ನು ಗ್ರಾಮ ಪಂಚಾಯಿತಿ ಕಚೇರಿಗೂ ಲಸಿಕೆಯ ದಿನ ಅಂಗನವಾಡಿಗೂ ನಡೆಸಿತು. ಕೊನೆಯ ಪೋಲಿಯೊ ಪ್ರಕರಣ ನಮ್ಮ ದೇಶದಲ್ಲಿ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊಮುಕ್ತವೆಂದು ಸಾರಿತು. ಆ ವರ್ಷಗಳಲ್ಲಿ ಎರಡು ಹನಿ ಹಾಕಿಸಿಕೊಂಡ ಕೂಸುಗಳಲ್ಲಿ ಈ ಬಾಂಡಿನ ಹುಡುಗಿಯರೂ ಇದ್ದರು. ಎಂಟನೆಯ ತರಗತಿಯ ಷರತ್ತೂ ಹಾಗೆಯೇ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದಕ್ಕೂ ನಾಲ್ಕು ವರ್ಷ ಮೊದಲೇ ಈ ಕಾಗದದಲ್ಲಿ ಆ ಮಾತಿತ್ತು.

ಹೀಗೆ ಷರತ್ತು ಹಾಕಿ ಹಣ ಕೊಡುವುದು ನಮ್ಮ ರಾಜ್ಯದ ಕಲ್ಪನೆ ಮಾತ್ರವಲ್ಲ. ಮೆಕ್ಸಿಕೊ ದೇಶ 1997ರಲ್ಲಿ, ಬ್ರೆಜಿಲ್ 2003ರಲ್ಲಿ ದೊಡ್ಡ ಪ್ರಮಾಣದಲ್ಲಿ ಇಂಥ ಯೋಜನೆಗಳನ್ನು ಆರಂಭಿಸಿದವು. ಮಕ್ಕಳು ಶಾಲೆಗೆ ಹೋಗುತ್ತಿರಬೇಕು, ಆರೋಗ್ಯ ತಪಾಸಣೆ ಆಗುತ್ತಿರಬೇಕು. ಹಾಗಿದ್ದರೆ ತಾಯಿಯ ಕೈಗೆ ಹಣ. ಆದರೆ ಒಂದು ವ್ಯತ್ಯಾಸವುಂಟು. ಅಲ್ಲಿ ಹಣ ಕಂತು ಕಂತಾಗಿ ಬರುತ್ತದೆ, ಇಲ್ಲಿ ಕೊನೆಗೊಮ್ಮೆ ಇಡಿಯಾಗಿ. ಒಂಬತ್ತನೆಯ ತರಗತಿಯಲ್ಲಿ ಬಸ್ಸಿನ ದುಡ್ಡಿಲ್ಲದೆ ಶಾಲೆ ಬಿಡುವ ಹುಡುಗಿಗೆ ನಾಲ್ಕು ವರ್ಷದ ನಂತರ ಬರುವ ಹಣದಿಂದ ಆ ದಿನ ಉಪಯೋಗವಿಲ್ಲ. ಇಡಿಯಾಗಿ ಬರುವ ಹಣಕ್ಕೆ ಇನ್ನೊಂದು ಅಪಾಯವೂ ಇದೆ. ಬರುವ ಮೊದಲೇ ಅದಕ್ಕೊಂದು ಖರ್ಚು ಹುಟ್ಟಿಕೊಂಡಿರುತ್ತದೆ.

ಹರಿಯಾಣದ ಅನುಭವ

ಇದನ್ನು ನಮಗಿಂತ ಮೊದಲು ಕಂಡದ್ದು ಹರಿಯಾಣ ರಾಜ್ಯ. ಅಲ್ಲಿ 1994ರಲ್ಲಿಯೇ 'ಅಪ್ನಿ ಬೇಟಿ ಅಪ್ನಾ ಧನ್' ಎಂಬ ಯೋಜನೆ ಶುರುವಾಯಿತು. ಹೆಣ್ಣು ಮಗುವಿನ ಹೆಸರಿನಲ್ಲಿ ಸರ್ಕಾರ 2,500 ರೂಪಾಯಿ ತೊಡಗಿಸುತ್ತಿತ್ತು. ಹದಿನೆಂಟರವರೆಗೆ ಮದುವೆಯಾಗದಿದ್ದರೆ 25,000 ರೂಪಾಯಿ. ಆ ಮೊದಲ ತಂಡಕ್ಕೆ 2012ರ ಹೊತ್ತಿಗೆ ಹದಿನೆಂಟು ತುಂಬಿತು. ಮಹಿಳೆಯರ ಬಗ್ಗೆ ಸಂಶೋಧನೆ ನಡೆಸುವ ಒಂದು ಅಂತಾರಾಷ್ಟ್ರೀಯ ಕೇಂದ್ರ ಆ ಹುಡುಗಿಯರ ಮನೆಗಳಿಗೆ ಹೋಗಿ ಅಧ್ಯಯನ ಮಾಡಿತು. ಕಂಡದ್ದು ಏನು? ಎಂಟನೆಯ ತರಗತಿಯವರೆಗಿನ ಓದಿಗೆ ಯೋಜನೆಯಿಂದ ಅನುಕೂಲವಾಗಿತ್ತು. ಆದರೆ ಮದುವೆ ಮುಂದಕ್ಕೆ ಹೋಗಿರಲಿಲ್ಲ. ಸರ್ಕಾರ ಮದುವೆಗೆಂದೇ ಹಣ ಕೊಡುತ್ತಿದೆ ಎಂದು ಅನೇಕ ಮನೆಗಳವರು ತಿಳಿದಿದ್ದರು. ಹದಿನೆಂಟಾದ ಕೂಡಲೇ ಮದುವೆ ಮುಗಿಸಿದವರಲ್ಲಿ ಯೋಜನೆಗೆ ಸೇರಿದ ಮನೆಗಳೇ ಮುಂದಿದ್ದವು. ಮದುವೆಯನ್ನು ತಡೆಯಲು ಹಾಕಿದ ಗೆರೆಯೇ ಮದುವೆಗೆ ಮುಹೂರ್ತವಾಯಿತು.

ನಮ್ಮಲ್ಲೂ ಆ ಗಾಳಿ ಇಲ್ಲವೆಂದು ಹೇಳಲಾರೆ. ಎರಡು ವರ್ಷದ ಹಿಂದೆ ಪೋಷಕರ ಸಭೆ ಮುಗಿದ ಮೇಲೆ ತುರುವೇಕೆರೆ ಕಡೆಯ ಒಬ್ಬ ತಂದೆ, ಹೆಂಡತಿಯ ಜೊತೆಗೆ, ನನ್ನ ಮೇಜಿನ ಬಳಿ ಬಂದು ಕುಳಿತರು. ಎರಡು ಎಕರೆ ತೆಂಗು, ಒಂದು ಕೊಳವೆ ಬಾವಿ, ಇಬ್ಬರು ಹೆಣ್ಣು ಮಕ್ಕಳು. ಹಿರಿಯವಳು ನಮ್ಮಲ್ಲಿ ಓದಿ ಹೋದವಳು, ಆಗ ದ್ವಿತೀಯ ಪಿಯುಸಿಯಲ್ಲಿದ್ದಳು.

"ಸಾ, ದೊಡ್ಡೋಳ ಬಾಂಡು ಇನ್ನೇನು ಬತ್ತದೆ. ಬಂದೇಟ್ಗೆ ಒಂದು ಗಂಡು ನೋಡಿ ಮುಗಿಸ್‌ಬುಡಾನ ಅಂತಿವ್ನಿ. ಸರ್ಕಾರ ಕೊಡೋದೇ ಅದುಕ್ಕಲ್ವಾ?" ಎಂದರು.

ಆಕೆ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಸೆರಗಿನೊಳಗಿಂದ ಬಾಂಡು ತೆಗೆದು ನನ್ನ ಮುಂದಿಟ್ಟು, "ಇದ್ರಲ್ಲಿ ಮದ್ವೆಗೆ ಅಂತ ಎಲ್ಲೈತೆ, ಒಂದ್ಸಲ ಓದಿ ಹೇಳಿ ಸಾ" ಎಂದರು.

ಯೋಜನೆಯ ಷರತ್ತುಗಳಲ್ಲಿ ಮದುವೆಯ ಮಾತು ಬರುವುದು ಒಂದೇ ಕಡೆ, ಅದೂ ಬೇಡ ಎನ್ನುವುದಕ್ಕೆ. ಅದನ್ನು ಹೇಳಿದೆ. ಆಮೇಲೆ ಮೊತ್ತ ತೋರಿಸಿದೆ. ಹುಡುಗಿ ಹುಟ್ಟಿದ್ದು 2007ರಲ್ಲಿ. ಹಾಗಾಗಿ ಲೆಕ್ಕ 34,751 ರೂಪಾಯಿಯದು. ಅವರ ಮುಖ ಬಾಡಿತು. "ಲಕ್ಷ ಅಂದಿದ್ರಲ್ಲ ಸಾ? ಇದು ಚಪ್ಪರಕ್ಕೂ ಸಾಲಾಕಿಲ್ವಲ್ಲ!"

ಆ ಮನುಷ್ಯ ಮಗಳ ಶತ್ರುವಲ್ಲ. ಅವರ ಹೆದರಿಕೆ ಬೇರೆಯದು. "ಕೊಬ್ರಿ ರೇಟು ನಂಬ್ಕಂಡು ಮೂರು ವರ್ಷ ಓದ್ಸಕ್ಕಾಯ್ತದಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ಬೆಳೆಗಾರರು ಬೀದಿಗೆ ಬಂದರು. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿತು. ಹೀಗೆ ಏರಿಳಿಯುವ ಆದಾಯದ ಮೇಲೆ ಮೂರು ವರ್ಷದ ಖರ್ಚು ಒಪ್ಪಿಕೊಳ್ಳಲು ಯಾರಿಗಾದರೂ ಅಂಜಿಕೆಯೇ. ಆದರೆ ಬಾಂಡಿನ ಹಣಕ್ಕೆ ತಕ್ಕ ಕೆಲಸವೂ ಅದೇ. ಮದುವೆಯ ಖರ್ಚಿಗೆ ಅದು ಸಮುದ್ರಕ್ಕೆ ಸುರಿದ ಚೊಂಬು ನೀರು. ಅದೇ ಹಣ ಸರ್ಕಾರಿ ಕಾಲೇಜಿನಲ್ಲಿ ಪದವಿ ಓದುವ ಹುಡುಗಿಯ ಪುಸ್ತಕ, ಪರೀಕ್ಷಾ ಶುಲ್ಕ, ಬಟ್ಟೆಬರೆಗೆ ದೊಡ್ಡ ಆಸರೆ. ರೇಟು ಬಿದ್ದ ವರ್ಷ ಓದು ನಿಲ್ಲದಂತೆ ತಡೆಯುವ ಒಡ್ಡು ಅದು. ಅಷ್ಟು ಹೇಳಿ ಕಳಿಸಿದೆ. ಆ ಹುಡುಗಿ ಈಗ ಪದವಿಗೆ ಸೇರಿದ್ದಾಳೆ. ಗಂಡು ನೋಡುವುದೂ ನಿಂತಿಲ್ಲವಂತೆ!

ದುಡ್ಡು ಯಾರದು?

ಈಗ ಮೂರನೆಯ ಪ್ರಶ್ನೆಗೆ ಬರೋಣ. ಬಾಂಡು ಇರುವುದು ಮಗಳ ಹೆಸರಿನಲ್ಲಿ. ಹದಿನೆಂಟು ತುಂಬಿದ ದಿನ ಆಕೆ ಕಾನೂನಿನ ಕಣ್ಣಿನಲ್ಲಿ ಪ್ರಾಪ್ತಳು. ಮತ ಹಾಕಬಹುದು, ಸಹಿ ಹಾಕಬಹುದು, ತನ್ನ ಖಾತೆಯನ್ನು ತಾನೇ ನಡೆಸಬಹುದು. ಹಾಗಾಗಿ ಆ ಹಣ ಅಪ್ಪನದಲ್ಲ, ಅಮ್ಮನದಲ್ಲ, ಮುಂದೆ ಬರುವ ಅಳಿಯನದಂತೂ ಅಲ್ಲ. ಕೊಳವೆ ಬಾವಿಗೆ, ಕೈಸಾಲಕ್ಕೆ, ಚಪ್ಪರಕ್ಕೆ ಬೇಕೆಂದರೂ ಮೊದಲು ಕೇಳಬೇಕಾದದ್ದು ಆಕೆಯನ್ನು. "ಇಷ್ಟು ಹಣ ಬರುತ್ತದೆ, ನೀನು ಏನು ಮಾಡಬೇಕೆಂದಿದ್ದೀ?" ಎಂದು ಮಗಳನ್ನು ಎದುರು ಕೂರಿಸಿಕೊಂಡು ಕೇಳಿದ ಮನೆಗಳು ಎಷ್ಟಿವೆಯೋ ನಾನು ಕಾಣೆ. ಕೇಳಿ ನೋಡಿ. ಹದಿನೇಳು ವರ್ಷದ ಹುಡುಗಿಯರು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಲೆಕ್ಕ ಹಾಕುತ್ತಾರೆ.

ಹದಿನೆಂಟು ಎನ್ನುವುದು ಕಾನೂನು ಎಳೆದ ಗೆರೆ. ದೇಹಕ್ಕೆ ಆ ಗೆರೆ ಗೊತ್ತಿಲ್ಲ. ಹರೆಯದಲ್ಲಿ ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುತ್ತದೆ. ಅದರ ಜೊತೆಗೆ ರಕ್ತಹೀನತೆಯಿದ್ದರೆ ಬೇಗನೆ ಬರುವ ಬಸುರು ತಾಯಿಗೂ ಕಷ್ಟ, ಕಡಿಮೆ ತೂಕದ ಕೂಸಿಗೂ ಕಷ್ಟ. ಗೆರೆ ದಾಟಿದ ಮರುದಿನವೇ ಮುಹೂರ್ತ ಇಡಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ, ವಿಜ್ಞಾನವಂತೂ ಹೇಳುವುದೇ ಇಲ್ಲ.

ರಾಜ್ಯ ಸರ್ಕಾರ 2020-21ರಿಂದ ಭಾಗ್ಯಲಕ್ಷ್ಮಿಯನ್ನು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯ ಮೂಲಕ ನಡೆಸಲು ಆರಂಭಿಸಿತು. ವರ್ಷಕ್ಕೆ 3,000 ರೂಪಾಯಿಯಂತೆ ಹದಿನೈದು ವರ್ಷ ಸರ್ಕಾರ ಕಟ್ಟುತ್ತದೆ. ಇಪ್ಪತ್ತೊಂದು ವರ್ಷಕ್ಕೆ ಅದು ಸುಮಾರು 1.27 ಲಕ್ಷ ಆಗುತ್ತದೆಂಬ ಲೆಕ್ಕ. ಹದಿನೆಂಟರ ಬದಲು ಇಪ್ಪತ್ತೊಂದು ಎಂಬುದನ್ನು ಗಮನಿಸಿ. ಪದವಿ ಮುಗಿಯುವ ವಯಸ್ಸು ಅದು. ಈ ಖಾತೆಯ ನಿಯಮದಂತೆ ಹುಡುಗಿ ಹತ್ತನೆಯ ತರಗತಿ ಮುಗಿಸಿದ್ದರೆ ಅಥವಾ ಹದಿನೆಂಟು ತುಂಬಿದ್ದರೆ ಮುಂದಿನ ಓದಿಗೆ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ಸರ್ಕಾರದ ಯೋಜನೆಗೆ ಸೇರದ ಮನೆಯವರೂ ಹತ್ತು ವರ್ಷದೊಳಗಿನ ಮಗಳ ಹೆಸರಿನಲ್ಲಿ ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿ ಸುಕನ್ಯಾ ಖಾತೆಯನ್ನು ತಾವೇ ತೆರೆಯಬಹುದು. ಕೊಬ್ಬರಿ ಮಾರಿದ ದಿನ ಮಾರುಕಟ್ಟೆಯಿಂದ ಬರುವ ದಾರಿಯಲ್ಲಿ ಅಂಚೆ ಕಚೇರಿಯೂ ಸಿಗುತ್ತದೆ.

ದಾರಿಯಲ್ಲಿ ಸಿಗುವ ನೆರವು

ಕೊನೆಯಲ್ಲಿ ಬರುವ ಹಣ ಒಂದು ಕಡೆ ಇರಲಿ. ದಾರಿಯುದ್ದಕ್ಕೂ ಸಿಗುವ ನೆರವಿನ ಬೆಲೆಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಅಕ್ಷರ ದಾಸೋಹ 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾಗಿ 2003ರಲ್ಲಿ ನಮ್ಮ ಕಡೆಗೂ ಬಂತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು. 2006-07ರಲ್ಲಿ ಶುರುವಾದ ಸೈಕಲ್ ವಿತರಣೆ ಈಗ ನಿಂತಿದೆ. ಆದರೆ ಅದು ನಡೆದ ವರ್ಷಗಳಲ್ಲಿ ಎಂಟನೆಯ ತರಗತಿಯ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿದು ಪ್ರೌಢಶಾಲೆಗೆ ಬರುತ್ತಿದ್ದ ದೃಶ್ಯವನ್ನು ನೋಡಿದವರು ಮರೆಯಲಾರರು. 2023ರ ಜೂನ್ 11ರಂದು ಹೆಣ್ಣು ಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಹುಳಿಯಾರಿನಿಂದಲೋ ನೊಣವಿನಕೆರೆಯಿಂದಲೋ ದಿನವೂ ಕಾಲೇಜಿಗೆ ಬರುವ ಹುಡುಗಿಗೆ ಇದರಿಂದ ತಿಂಗಳಿಗೆ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಭಾಗ್ಯಲಕ್ಷ್ಮಿಯಲ್ಲೂ ಒಂದು ಬಾಗಿಲು ಇತ್ತು: ಹದಿನೈದು ವರ್ಷವಾದ ಮೇಲೆ ಮುಂದಿನ ಓದಿಗಾಗಿ ಬಾಂಡನ್ನು ಬ್ಯಾಂಕಿನಲ್ಲಿ ಅಡವಿಟ್ಟು 50,000 ರೂಪಾಯಿವರೆಗೆ ಸಾಲ ಕೇಳುವ ಅವಕಾಶ.

ಏಳು, ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಒಂದು ಮಾತು. ರಾಷ್ಟ್ರೀಯ ಪ್ರತಿಭಾ ಮತ್ತು ಆರ್ಥಿಕ ಸ್ಥಿತಿ ಆಧಾರಿತ ವಿದ್ಯಾರ್ಥಿ ವೇತನ, ಅಂದರೆ ನೀವು ಎನ್‌ಎಂಎಂಎಸ್ ಎಂದು ಕೇಳಿರುವ ಪರೀಕ್ಷೆ, ಎಂಟನೆಯ ತರಗತಿಯಲ್ಲಿ ನಡೆಯುತ್ತದೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯವರಾಗಿರಬೇಕು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಏಳನೆಯ ತರಗತಿಯಲ್ಲಿ ನೂರಕ್ಕೆ 55, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 50 ಅಂಕ ಬಂದಿರಬೇಕು. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ: ಒಂದು ಬುದ್ಧಿಸಾಮರ್ಥ್ಯದ್ದು, ಇನ್ನೊಂದು ಪಾಠಗಳದ್ದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಹದಿನೆಂಟು ವರ್ಷ ಕಾದ ಮೊದಲ ತಂಡದ ಬಾಂಡಿಗಿಂತ ಇದು ಹೆಚ್ಚು. ಅದೂ ಹಣ ಬೇಕಾದ ವರ್ಷಗಳಲ್ಲೇ ಕೈಗೆ ಬರುತ್ತದೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಆದರೂ "ನಮ್ಮ ಹುಡ್ಗುಂಗೆ ಅದೆಲ್ಲ ಬರಾಕಿಲ್ಲ ಸಾ" ಎಂದು ಅರ್ಜಿಯನ್ನೇ ಹಾಕಿಸದ ಪೋಷಕರಿದ್ದಾರೆ. ಬರುತ್ತದೋ ಇಲ್ಲವೋ ಎಂಬುದನ್ನು ಪರೀಕ್ಷೆಯೇ ಹೇಳಲಿ, ನೀವು ಮೊದಲೇ ಹೇಳಬೇಡಿ.

ಪದವಿಗೆ ಹೋಗುವ ಹಿಂದುಳಿದ ವರ್ಗದ ಮಕ್ಕಳಿಗೆ, ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದಿದ್ದರೆ ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆ 2013-14ರಲ್ಲಿ ಆರಂಭವಾಯಿತು. ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಬೇರೆ ಬೇರೆ ವಿದ್ಯಾರ್ಥಿ ವೇತನಗಳಿವೆ. ಕಾಲೇಜಿಗೆ ಸೇರಿದ ವಾರವೇ ಸೂಚನಾ ಫಲಕದ ಮುಂದೆ ಐದು ನಿಮಿಷ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ.

ಹೆಸರಿನ ಹೊಂದಾಣಿಕೆ

ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುವುದು ಹೆಚ್ಚಾಗಿ ಒಂದು ಅಕ್ಷರದ ದೆಸೆಯಿಂದ. ಅಂಗನವಾಡಿಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ. ಹುಟ್ಟಿದ ದಿನಾಂಕದಲ್ಲಿ ಒಂದಂಕಿ ವ್ಯತ್ಯಾಸ. ಇವನ್ನೆಲ್ಲ ಹದಿನೆಂಟು ತುಂಬಿದ ಮೇಲೆ ಸರಿಪಡಿಸಲು ಹೊರಟರೆ ಅಲೆದಾಟ ತಪ್ಪದು. ಆದ್ದರಿಂದ ಮಗಳು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಬಾಂಡು, ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾಗುವ ಮೊದಲು ಶಾಲೆಯಲ್ಲಿ ತಿದ್ದಿಸುವುದು ಸುಲಭ, ಆಮೇಲೆ ಕಷ್ಟ.

ಎರಡನೆಯದು ಬ್ಯಾಂಕ್ ಖಾತೆ. ಹಣ ಬರುವುದು ಮಗಳ ಹೆಸರಿನ, ಆಧಾರ್ ಜೋಡಣೆಯಾದ ಖಾತೆಗೆ. ಚಿಕ್ಕಂದಿನಲ್ಲಿ ಅಪ್ಪನ ಪಾಲನೆಯಲ್ಲಿ ತೆರೆದ ಖಾತೆಯಾದರೆ ಹದಿನೆಂಟು ತುಂಬಿದಾಗ ಆಕೆಯ ಸಹಿಯೊಂದಿಗೆ ಅದನ್ನು ಪ್ರಾಪ್ತವಯಸ್ಕರ ಖಾತೆಯಾಗಿ ಬದಲಿಸಬೇಕು. ಹೆಣ್ಣು ಮಕ್ಕಳೇ, ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ನಿಮ್ಮ ತಲೆಯಲ್ಲಿರಲಿ, ಕಾರ್ಡಿನ ಹಿಂದೆ ಬರೆದಿಡಬೇಡಿ.

ಮೂರನೆಯದು ಅರ್ಜಿ. ಮೂಲ ಬಾಂಡು, ಆಧಾರ್, ಪಾಸ್‌ಪುಸ್ತಕ, ಎಂಟನೆಯ ತರಗತಿ ಮುಗಿಸಿದ್ದಕ್ಕೆ ದಾಖಲೆ ಇವುಗಳೊಂದಿಗೆ ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ತಾಲ್ಲೂಕು ಕೇಂದ್ರದಲ್ಲಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಕೇಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರರಲ್ಲೂ ಈ ಕಚೇರಿಗಳಿವೆ. ನಡುವೆ ಯಾರಾದರೂ "ನಾನು ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಎಂದರೆ ಕೈಮುಗಿದು ಕಳಿಸಿಬಿಡಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಮೂಲ ಬಾಂಡನ್ನು ಕೊಡುವ ಮೊದಲು ಎರಡು ಜೆರಾಕ್ಸ್ ಪ್ರತಿ ಮಾಡಿಸಿ ಮನೆಯಲ್ಲಿಡಿ.

ಹೆತ್ತ ಮಕ್ಕಳು ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಮಾತು ಹುಟ್ಟಿದ ಕಾಲದಲ್ಲಿ ಹೆಣ್ಣು ಮಕ್ಕಳನ್ನು ಯಾರೂ ಹೆಚ್ಚು ಓದಿಸುತ್ತಿರಲಿಲ್ಲ. ಮಗಳು ಹುಟ್ಟಿದ ವರ್ಷ ನೆಟ್ಟ ತಿಪಟೂರು ತಳಿಯ ಸಸಿ ಆರೇಳು ವರ್ಷಕ್ಕೆ ಹೊಂಬಾಳೆ ಬಿಡುತ್ತದೆ; ಆಕೆಗೆ ಹದಿನೆಂಟಾಗುವ ಹೊತ್ತಿಗೆ ತುಂಬು ಫಸಲು. ಆ ಮರವನ್ನು ಹದಿನೆಂಟನೆಯ ವರ್ಷದಲ್ಲಿ ಯಾರೂ ಕಡಿದು ತೊಲೆ ಮಾಡುವುದಿಲ್ಲ. ಮಗಳ ಓದಿಗೂ ಅದೇ ನ್ಯಾಯ ಸಲ್ಲಬೇಕು.

ಈ ಭಾನುವಾರ ಬಿಡುವು ಮಾಡಿಕೊಂಡು ಟ್ರಂಕು ತೆಗೆಯಿರಿ. ಬಾಂಡನ್ನು ಹೊರತೆಗೆದು ಮಗಳ ಕೈಗೇ ಕೊಡಿ. ಅದರಲ್ಲಿ ಇರುವುದನ್ನೆಲ್ಲ ಗಟ್ಟಿಯಾಗಿ ಓದಲು ಹೇಳಿ. ಮನೆಯವರೆಲ್ಲ ಕೂತು ಕೇಳಿ. ಆಮೇಲೆ ಮೂರನೆಯ ಪ್ರಶ್ನೆಯನ್ನು ಆಕೆಗೇ ಹಾಕಿ.